ಆಕಾಶಗಂಗೆಗೆ ಅಡ್ಡ ಬಂದ ಮಂಗಳಾರತಿ

ಸದ್ದಿಲ್ಲದೆ ಎಲ್ಲರ ಮೊರೆ ಕೇಳಿಸಿಕೊಳ್ಳುವ ಭಗವಂತನಿಗೆ ಶರಣು.

ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವುದು ನನ್ನ ಕಸುಬು. ಕಂಪಲಾಪುರದ ಜನರಿಗೆ ಆಕಾಶಗಂಗೆಯ ಸುಯ್ಯೆನ್ನುವ ಸದ್ದು ಕೇಳಿಸುತ್ತೇನೆಂದು ಒಂದು ಸಂಜೆ ದೇವಸ್ಥಾನದ ಮುಂದೆ ಆಂಟೆನಾ ನಿಲ್ಲಿಸಿ ಸ್ಪೀಕರು ಜೋಡಿಸಿದೆ. ಅಷ್ಟರಲ್ಲಿ ಮಂಗಳಾರತಿಯ ಗಂಟೆಯನ್ನೂ ತಾನೇ ಬಾರಿಸುವ ಕರೆಂಟು ನಗಾರಿ ಶುರುವಾಯಿತು. ಅದರ ಮೋಟಾರಿನ ಕಿಡಿಗೆ ನನ್ನ ಸ್ಪೀಕರು ಬರೀ ಗರಗರ ಎಂದಿತು. ಜನ ಎದ್ದು ಹೊರಡತೊಡಗಿದರು.

"ನಗಾರಿ ಸ್ವಲ್ಪ ನಿಲ್ಲಿಸ್ತೀರಾ?" ಎಂದು ಅರ್ಚಕರಿಗೆ ಕೈಮುಗಿದೆ.

"ಆಕಾಶಗಂಗೆ ಎಲ್ಲಿಗೆ ಓಡಿಹೋಗುತ್ತೆ ಸ್ವಾಮಿ? ಅಷ್ಟು ಅವಸರ ಇದ್ರೆ ಮೋಟಾರು ಆರಿಸ್ತೀನಿ, ಗಂಟೆ ನೀವೇ ಬಾರಿಸಿ."

ದೇವರ ಸೇವೆ ಒಲ್ಲೆನೆನ್ನಲಾದೀತೇ? ಮಂಗಳಾರತಿ ಮುಗಿಯುವವರೆಗೂ ಬಾರಿಸಿದೆ. ಹೊರಗೆ ಬಂದು, ಸ್ಪೀಕರಿನ ಮುಂದೆ ಕೂತಿದ್ದ ಅಜ್ಜಿಯನ್ನು ಕೇಳಿದೆ: "ಕೇಳಿಸಿತೇನಮ್ಮ?"

"ಕೇಳುಸ್ತು ಕಣಪ್ಪ, ಒಗ್ಗರಣೆ ಆಕ್ದಂಗೆ ಸೊರ್ ಅಂತಿತ್ತು. ನಿನ್ ಗಂಟೇನೇ ವಾಸಿ ಬುಡು. ನಾಳೀಕೂ ಬತ್ತೀಯಾ?"

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಭಗವಂತ ಒಳ್ಳೆಯದು ಮಾಡಲಿ, ನಿಮ್ಮ ಅಕ್ಕಪಕ್ಕದ ಮೋಟಾರುಗಳನ್ನು ತಣ್ಣಗಿಡಲಿ.