ಪದ್ಮನಾಭನಗರದಲ್ಲಿದ್ದ ನನ್ನ ಕಂಪ್ಯೂಟರು

“ನೀನಿರಪ್ಪ, ಬೇಡ ಅನ್ನಲ್ಲ. ಆ ದೊಡ್ಡ ಡಬ್ಬ ಮಾತ್ರ ನಮ್ಮಲ್ಲಿ ಇಡಂಗಿಲ್ಲ. ಕರೆಂಟ್ ಬಿಲ್ ಯಾರು ಕಟ್ತಾರೆ?” ಎಂದರು ಬಿಟಿಎಂ ಲೇಔಟಿನ ಪಿ.ಜಿ. ಆಂಟಿ. ಡಬ್ಬ ಎಂದರೆ ನಾನಿನ್ನೂ ಕೊಂಡೇ ಇರದ ಡೆಸ್ಕ್‌ಟಾಪ್ ಕಂಪ್ಯೂಟರು. ಅವರ ಮಾವನ ಕಾಲಕ್ಕೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ, ಈಗ ನಮ್ಮಂಥ ಹುಡುಗರ ಬೆಳೆ. ಬಾಗಲಕೋಟೆಯ ನಮ್ಮ ಓಣಿಯಲ್ಲಿ ಒಬ್ಬರ ಜೋಳದ ಚೀಲ ಇನ್ನೊಬ್ಬರ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೂ ಯಾರೂ ಕೇಳುವುದಿಲ್ಲ.

ನಾನು ಸೇರಿದ್ದು ಅನಿಮೇಷನ್ ಕೋರ್ಸಿಗೆ. ಕ್ಲಾಸಿನ ಕೆಲಸಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡೇ ಗೇಮಿಗೂ ಬೇಕು. ಅಪ್ಪನಿಗೆ ಕ್ಲಾಸಿನ ವಿಷಯ ಮಾತ್ರ ಹೇಳಿದ್ದೆ. ಜೆ.ಪಿ. ನಗರದ ಅಂಗಡಿಯಲ್ಲಿ ನನ್ನ ಕೈ ಲ್ಯಾಪ್‌ಟಾಪಿನ ಕಡೆಗೇ ಹೋಗುತ್ತಿತ್ತು. ಜೊತೆಗೆ ಬಂದಿದ್ದ ಸಹಪಾಠಿ ವಿನಯ್ ತಡೆದ.

“ಮಗಾ, ಅದ್ರಲ್ಲಿ ಗೇಮ್ ಹಾಕಿದ್ರೆ ಕಾವಲಿ ಥರ ಕಾಯತ್ತೆ. ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಸಖತ್ತಾಗಿರೋದು ಬರತ್ತೆ. ಪಿ.ಜಿ.ಲಿ ಬಿಡಲ್ಲ ಅಂದ್ರೆ ನಮ್ಮನೇಲಿ ಇಡು, ಪದ್ಮನಾಭನಗರ ಏನ್ ದೂರಾನಾ? ನಿನ್ನ ಮನೆ ಅಂತ್ಲೇ ಅನ್ಕೋ.”

ನಮ್ಮ ಕಡೆ ಈ ಮಾತನ್ನು ಬಾಯಿಬಿಟ್ಟು ಆಡಿದರೆ ಅದು ಖರೇ ಮಾತು. ನಂಬಿದೆ. ಡೆಸ್ಕ್‌ಟಾಪ್ ಕೊಂಡು ವಿನಯ್‌ನ ಕೋಣೆಯಲ್ಲಿ ಜೋಡಿಸಿದೆವು.

ಮೊದಮೊದಲು ದಿನವೂ ಹಬ್ಬವೇ. ಒಂದು ಆಟ ಅವನದು, ಒಂದು ಆಟ ನನ್ನದು, ಆಮೇಲೆ ಕ್ಲಾಸಿನ ಕೆಲಸ. ಇಲ್ಲಿಯವರು ‘ಹುಳಿ’ ಅನ್ನುವುದು ತರಕಾರಿ ಹಾಕಿದ ಬೇಳೆಸಾರಿಗೆ ಎಂದು ಅವನ ತಾಯಿ ಬಡಿಸಿದಾಗಲೇ ಗೊತ್ತಾಯಿತು. ರೊಟ್ಟಿಯಿಲ್ಲದೆ ಹೊಟ್ಟೆ ತುಂಬುವುದನ್ನೂ ಆ ಮನೆಯಲ್ಲೇ ಕಲಿತೆ. ಬರಬರುತ್ತಾ ಬಾಗಿಲು ಅರ್ಧ ಮಾತ್ರ ತೆರೆಯತೊಡಗಿತು.

“ಅವ್ನು ಓದ್ಕೋತಾ ಇದಾನಪ್ಪ. ಒಂದು ಫೋನ್ ಮಾಡ್ಕೊಂಡು ಬಂದಿದ್ರೆ ಚೆನ್ನಾಗಿರೋದು,” ಎನ್ನುತ್ತಿದ್ದರು ಆ ತಾಯಿ, ನಗುತ್ತಲೇ. ಒಳಗಿನಿಂದ ನನ್ನ ಕಂಪ್ಯೂಟರಿನ ಗುಂಡು ಹಾರಿಸುವ ಸದ್ದು ಕೇಳುತ್ತಿತ್ತು. ಬಸ್ಸು ಹಿಡಿದು ವಾಪಸಾಗುತ್ತಿದ್ದೆ. ಸೆಮಿಸ್ಟರಿನ ಕೊನೆಗೆ ಒಂದು ಕಿರುಚಿತ್ರ ಒಪ್ಪಿಸದಿದ್ದರೆ ಆ ವಿಷಯದಲ್ಲಿ ಫೇಲು. ಕಾಲೇಜಿನ ಲ್ಯಾಬಿಗೆ ಸಂಜೆಗೇ ಬೀಗ. ನನ್ನ ಅರ್ಧಂಬರ್ಧ ಚಿತ್ರ ಪದ್ಮನಾಭನಗರದಲ್ಲೇ ಕೂತಿತ್ತು.

ಆಯುಧಪೂಜೆಗೆ ಕರೆದರು. ಹೋದೆ. ಕಂಪ್ಯೂಟರಿಗೆ ಸೇವಂತಿಗೆ ಹಾರ, ಪರದೆಯ ಮೂಲೆಗೆ ಕುಂಕುಮ. ವಿನಯ್‌ನ ತಂದೆ ನೆಂಟರಿಗೆ ತೋರಿಸುತ್ತಿದ್ದರು, “ಕಾರು, ಸ್ಕೂಟರ್ ಎಲ್ಲಾ ಆಯ್ತು. ನಮ್ಮ ವಿನಯ್ ಕಂಪ್ಯೂಟರ್‌ಗೂ ಮಾಡ್ಬಿಟ್ವಿ.” ವಿನಯ್ ನನ್ನ ಪಕ್ಕದಲ್ಲೇ ನಿಂತು ಹಾರ ಸರಿಮಾಡುತ್ತಿದ್ದ. ನನಗೊಂದು ತಟ್ಟೆ ಪುಳಿಯೋಗರೆ ಬಂತು. ತಿಂದೆ. ಅಷ್ಟು ಕಹಿಯಾದ ಪುಳಿಯೋಗರೆಯನ್ನು ನಾನು ತಿಂದಿಲ್ಲ.

ಬಾಯಿ ಇರಲಿಲ್ಲವೇನೋ ನಿನಗೆ ಎಂದು ನೀವು ಕೇಳಬಹುದು. ನಮ್ಮಲ್ಲಿ ನಮ್ಮವರ ಮನೆಯಲ್ಲಿಟ್ಟ ವಸ್ತುವನ್ನು ‘ನಂದು ಕೊಡು’ ಎಂದು ಕೇಳಿದರೆ ಅವರನ್ನು ಕಳ್ಳರೆಂದ ಹಾಗೆ. ತಿಳಿದು ಅವರೇ ಕೊಡಬೇಕು. ಅವರು ತಿಳಿಯಲಿ ಎಂದು ನಾನು ಕಾದೆ, ಕೇಳಲಿಲ್ಲವೆಂದರೆ ಬೇಕಾಗಿಲ್ಲ ಎಂದು ಅವರು ಸುಮ್ಮನಾದರು. ಫೇಲಾದೆ.

ಫಲಿತಾಂಶದ ದಿನ ಸಿಟ್ಟು ನೆತ್ತಿಗೇರಿ ಕೇಳಿಯೇಬಿಟ್ಟೆ. ವಿನಯ್ ನಿಜಕ್ಕೂ ಬೆರಗಾದ.

“ಅಯ್ಯೋ ಗುರು, ಅವತ್ತೇ ಕೇಳಿದ್ರೆ ಅವತ್ತೇ ಕೊಡ್ತಿದ್ದೆ. ಬೇಕು ಅಂತ ಬಾಯ್ಬಿಟ್ಟು ಹೇಳ್ಬೇಕು ತಾನೆ?”

ತಾನೇ ಆಟೋ ಕರೆದು, ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಪಿ.ಜಿ. ಬಿಟ್ಟು ನಾನು ಆ ವಾರವಷ್ಟೇ ಹಿಡಿದಿದ್ದ ಹುಳಿಮಾವಿನ ರೂಮಿನವರೆಗೂ ಬಂದ. ಅವನನ್ನು ದ್ವೇಷಿಸಲೂ ನನಗೆ ಒಂದು ಕಾರಣ ಉಳಿಸಲಿಲ್ಲ. ಅಂದಿನಿಂದ ಕೇಳುವುದನ್ನು ರೂಢಿ ಮಾಡಿಕೊಂಡೆ. ಅಡ್ವಾನ್ಸು, ನೀರು, ಅಂಗಡಿಯ ಚಿಲ್ಲರೆ, ಎಲ್ಲವನ್ನೂ ಮುಖಕ್ಕೆ ಮುಖ ಕೊಟ್ಟು ಕೇಳುತ್ತೇನೆ. ಈ ಊರು ಕೇಳಿದವನಿಗೆ ಕೊಡುತ್ತದೆ, ಅಷ್ಟು ಮಾತ್ರ ಒಪ್ಪುತ್ತೇನೆ.

ಮೊನ್ನೆ ರಜೆಗೆ ಬಾಗಲಕೋಟೆಗೆ ಹೋಗಿದ್ದೆ. ಚಿಕ್ಕಪ್ಪನ ಮಗ ಮಲ್ಲು ನನ್ನ ಗೇಮಿನ ಹೆಡ್‌ಫೋನನ್ನು ಚೀಲದಿಂದ ತೆಗೆದು ತನ್ನ ಮೊಬೈಲಿಗೆ ಹಾಕಿಕೊಂಡು ಓಡಾಡುತ್ತಿದ್ದ. ಹೊರಡುವ ದಿನ ಊಟದ ನಡುವೆ ಹೇಳಿದೆ, “ಮಲ್ಲು, ಅದು ನಂದು. ನನಗ ಬೇಕು, ಕೊಟ್ಬಿಡು.”

ಮಲ್ಲು ಎದ್ದು ಕೈ ತೊಳೆದು ತಂದು ನನ್ನ ತಾಟಿನ ಪಕ್ಕಕ್ಕಿಟ್ಟ. ಅವ್ವ ರೊಟ್ಟಿ ಹಾಕುತ್ತಿದ್ದವಳು ನಿಂತಳು.

“ಹಿಂಗ ಕೇಳಿ ಇಸ್ಕೊಳ್ಳಾಕ ಅಂವ ಏನ್ ಮಂದಿ ಮಗನೇನೋ, ನಮ್ಮನಿ ಹುಡುಗ ಅಲ್ಲೇನು?”

ಚೀಲ ಹೆಗಲಿಗೇರಿಸಿ ಅಂಗಳಕ್ಕೆ ಬಂದಾಗ ಮಲ್ಲು ಬೈಕಿನ ಹತ್ತಿರ ನಿಂತಿದ್ದ.

“ಬಸ್ ಸ್ಟ್ಯಾಂಡ್ ತನಕ ಬಿಟ್ಟು ಬರ್ಲೇನು?” ಎಂದು ಕೇಳಿದ. ಹುಟ್ಟಿದಾಗಿನಿಂದ ಅವನು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.