ಹಾಳುಗುಡಿಗೆ ದಾರಿ ತೋರಿಸಿದ ಸಣ್ಣೀರಪ್ಪ

ಗುಡ್ಡ ಹತ್ತಿಸುವಾಗ ಸಣ್ಣೀರಪ್ಪ ಮುಂದೆ ನಡೆದದ್ದನ್ನು ನಾನು ನೋಡಿಲ್ಲ. ಹೆಗಲ ಮೇಲೆ ಕರಿಕಂಬಳಿ, ಕೈಯಲ್ಲಿ ಕೋಲು, ತಲೆಯನ್ನು ತುಸು ವಾಲಿಸಿಕೊಂಡು ಎಲ್ಲರ ಹಿಂದೆ ಬರುತ್ತಿದ್ದರು. ದಾರಿ ತೋರಿಸುವವರು ಹಿಂದೆ ಬಂದರೆ ಹೇಗೆ ಎಂದು ಮೊದಲ ದಿನವೇ ಕೇಳಿದ್ದೆ.

"ದಾರಿ ನಿಮ್ ಕಾಲ್ ಮುಂದೇನೇ ಐತೆ, ಟೀಚರಮ್ಮ. ತಪ್ಪಿದ್ರೆ ಕೂಗ್ತೀನಿ. ನಾನು ನಿಮ್ ಉಸ್ರು ಕೇಳ್ತಾ ಬರ್ತೀನಿ. ಕುರಿ ಕಾಯೋನಿಗೆ ಮುಂದೇನು ಕೆಲ್ಸ?" ಎಂದಿದ್ದರು.

ನಾನು ಹೊಳಲ್ಕೆರೆಯ ಪ್ರೌಢಶಾಲೆಯೊಂದರಲ್ಲಿ ಚರಿತ್ರೆ ಪಾಠ ಮಾಡುವವಳು. ಚಿತ್ರದುರ್ಗದ ಕೋಟೆಗೆ, ಚಂದ್ರವಳ್ಳಿಗೆ ಮಕ್ಕಳನ್ನು ಎಷ್ಟೋ ಸಲ ಕರೆದೊಯ್ದಿದ್ದೆ. ಹಿರಿಯೂರಿನ ಕಡೆಗೆ ಚಾಚಿಕೊಂಡ ಗುಡ್ಡಸಾಲಿನೊಳಗೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಹಾಳುಗುಡಿ, ಬಿದ್ದ ಕೋಟೆಗೋಡೆ ಇವೆ ಎಂದು ಕೇಳಿ ನಾವು ಮೂವರು ಶಿಕ್ಷಕರು ಹೊರಟೆವು. ಹೋಗಿಬರಲು ಮೂರು ದಿನದ ನಡಿಗೆ. ದಾರಿ ಬಲ್ಲವರು ಗುಡ್ಡದ ಬುಡದ ಹಟ್ಟಿಯಲ್ಲಿದ್ದ ಸಣ್ಣೀರಪ್ಪ ಒಬ್ಬರೇ. ಅರವತ್ತು ದಾಟಿದ ಆ ಮನುಷ್ಯ ಹೊರಡುವ ಮುನ್ನ ಒಂದಿಡೀ ಮಧ್ಯಾಹ್ನ ನಮ್ಮನ್ನು ಜಗುಲಿಯಲ್ಲಿ ಕೂರಿಸಿ ವಿಚಾರಿಸಿದರು. "ಅಲ್ಲಿ ಏನ್ ನೋಡ್ತೀರಿ? ಚೀಲದಾಗೆ ಏನೈತೆ? ಹಾರೆ ಗೀರೆ ಐತೇನು?" ನನಗೆ ಸಿಟ್ಟೇ ಬಂದಿತ್ತು.

ಎರಡನೆಯ ದಿನ ಮಧ್ಯಾಹ್ನ ಎದುರಿನ ದಿಬ್ಬದ ಮೇಲೆ ಗುಡಿಯ ಕಂಬಗಳು ಕಂಡವು. ನಾನು ಓಡುವುದೊಂದು ಬಾಕಿ. ಅಷ್ಟರಲ್ಲಿ ಹಿಂದಿನಿಂದ ಅವರ ದನಿ ಕೇಳಿಸಿತು. "ಮೇಷ್ಟ್ರೇ, ಕುಂತ್ಕಳ್ರಿ."

ನಮ್ಮ ಕನ್ನಡ ಮೇಷ್ಟ್ರು ರುದ್ರೇಶ್ ನಕ್ಕು, "ಏನಿಲ್ಲ ಈರಪ್ಪ, ಸ್ವಲ್ಪ ಸುಸ್ತು" ಎಂದರು.

"ಸುಸ್ತಿನ ಉಸ್ರು ಬ್ಯಾರೆ. ನಿಮ್ದು ಎಲ್ಲೋ ಸಿಕ್ಕಾಕ್ಕೊಂಡೈತೆ. ಇಳಿದು ಹೋಗಾಣ."

ನಾನು ವಾದಕ್ಕಿಳಿದೆ. ಗುಡಿ ಕಣ್ಣೆದುರಿಗೇ ಇದೆ, ಅರ್ಧ ಗಂಟೆ ಸಾಕು ಎಂದೆ. ಸಣ್ಣೀರಪ್ಪ ನನ್ನ ಮುಖವನ್ನೂ ನೋಡಲಿಲ್ಲ. ಕಂಬಳಿ ಹಾಸಿ ಮೇಷ್ಟ್ರನ್ನು ಅದರ ಮೇಲೆ ಕೂರಿಸುತ್ತ, "ಗುಡಿ ಎಲ್ಲಿಗೂ ಹೋಗಲ್ಲ ಟೀಚರಮ್ಮ. ಮೇಷ್ಟ್ರು ಹೋಗಿಬಿಡ್ತಾರೆ" ಎಂದರು.

ಇಳಿಯತೊಡಗಿದ ಸ್ವಲ್ಪ ಹೊತ್ತಿಗೇ ರುದ್ರೇಶರ ಮುಖ ಬೂದಿಯಂತಾಯಿತು, ಎಡಗೈ ಸೆಳೆಯತೊಡಗಿತು. ಕಂಬಳಿಯನ್ನು ಎರಡು ಕೊಂಬೆಗಳಿಗೆ ಬಿಗಿದು ಅದರಲ್ಲಿ ಅವರನ್ನು ಹೊತ್ತೆವು. ಫೋನಿಗೆ ಸಿಗ್ನಲ್ ಸಿಕ್ಕಿದ ಮೇಲೆ ಹಟ್ಟಿಯವರು ಮೇಲೆ ಬಂದು ಹೆಗಲು ಕೊಟ್ಟರು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು, ಇನ್ನಷ್ಟು ಹತ್ತಿದ್ದರೆ ಉಳಿಯುತ್ತಿರಲಿಲ್ಲ ಎಂದರು. ರುದ್ರೇಶ್ ಈಗಲೂ ಪಾಠ ಮಾಡುತ್ತಿದ್ದಾರೆ. ಅರ್ಧ ಗಂಟೆಯ ನನ್ನ ಆ ವಾದ ಮಾತ್ರ ಈಗಲೂ ನನ್ನನ್ನು ಚುಚ್ಚುತ್ತದೆ.

ಮುಂದಿನ ಚಳಿಗಾಲದಲ್ಲಿ ನಾನೂ ಇನ್ನೊಬ್ಬ ಸಹೋದ್ಯೋಗಿಯೂ ಮತ್ತೆ ಹೋದೆವು. ಈ ಸಲ ಗುಡಿ ಮುಟ್ಟಿದೆವು. ಒಳಗೆ ಕಾಲಿಟ್ಟವಳು ಹಾಗೇ ನಿಂತೆ. ನೆಲದ ಚಪ್ಪಡಿಗಳನ್ನೆಲ್ಲ ಕಿತ್ತು ಆಳಕ್ಕೆ ಅಗೆದಿದ್ದರು. ಕಲ್ಲಿನ ಬಸವನ ಹೊಟ್ಟೆ ಎರಡು ಹೋಳಾಗಿತ್ತು. ಗುಂಡಿಯಲ್ಲಿ ಆಳೆತ್ತರ ಗಿಡ ಬೆಳೆದಿತ್ತು. ಹಳೆಯ ಗಾಯ ಅದು.

ಸಣ್ಣೀರಪ್ಪ ಒಳಗೆ ಬರಲಿಲ್ಲ. ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕೂತು ಹೇಳಿದರು.

"ಇದನ್ನ ಒಡ್ಸಿದ್ದು ನಾನೇ. ಆವಾಗ ನಂಗೆ ಇಪ್ಪತ್ತೆರಡು. ಇಬ್ರು ಬಂದ್ರು. ಶಾಸನ ಓದೋರು ಅಂದ್ರು. ಒಳ್ಳೆ ಬಟ್ಟೆ, ಒಳ್ಳೆ ಮಾತು. ಕರ್ಕಂಬಂದು ತೋರ್ಸಿದೆ. ಹದಿನೈದು ದಿನ ಬಿಟ್ಟು ಕುರಿ ಹೊಡ್ಕಂಡು ಬಂದು ನೋಡ್ತೀನಿ, ಹಿಂಗಾಗಿತ್ತು. ನಿಧಿ ಐತೆ ಅಂತ ಬಸವಣ್ಣನ ಹೊಟ್ಟೆ ಸೀಳವ್ರೆ. ಯಾರ್ಗೂ ಹೇಳ್ಲಿಲ್ಲ. ಹೆಂಡ್ತಿಗೂ ಹೇಳ್ಲಿಲ್ಲ."

ಜಗುಲಿಯ ಮೇಲಿನ ಆ ವಿಚಾರಣೆಯ ಅರ್ಥ ನನಗೆ ಆಗಲೇ ಹೊಳೆದದ್ದು.

"ನೀವು ಓದ್ದೋರು. ಸರ್ಕಾರಕ್ಕೆ ಬರೀರಿ. ನನ್ ಹೆಸ್ರು ಬಿಡ್ಬ್ಯಾಡ್ರಿ" ಎಂದರು.

ನಾನು ಒಪ್ಪಿ ಬಂದೆ, ಆದರೆ ಬರೆಯಲಿಲ್ಲ. ಈ ವಯಸ್ಸಿನಲ್ಲಿ ಅವರನ್ನು ಠಾಣೆಗೆ ಅಲೆದಾಡಿಸಿದರೆ ಎಂಬ ಅಂಜಿಕೆ. ಅವರು ಫೋನು ಮಾಡಿ "ಬರೆದ್ರಾ?" ಎಂದು ಕೇಳಿದಾಗಲೆಲ್ಲ ಏನೋ ನೆಪ ಹೇಳುತ್ತಿದ್ದೆ. ಒಂದು ದಿನ ಎರಡು ಬಸ್ಸು ಬದಲಿಸಿ ಸ್ಕೂಲಿನ ಗೇಟಿಗೇ ಬಂದು ನಿಂತರು.

"ಮೊಣಕಾಲು ಹೋಗ್ತಾ ಐತೆ ಟೀಚರಮ್ಮ. ನಂಗೆ ಹತ್ತೋ ಶಕ್ತಿ ಇರೋವಾಗ್ಲೇ ಸರ್ಕಾರ್ದೋರು ಬರ್ಬೇಕು. ನಾನಿಲ್ದೆ ಬಂದ್ರೆ ಹೇಳೋರ್ ಯಾರು?"

ಅವರನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಅಂದೇ ಬರೆದೆ.

ಪುರಾತತ್ವ ಇಲಾಖೆಯಿಂದ ಒಬ್ಬ ಯುವ ಅಧಿಕಾರಿಣಿ ಇಬ್ಬರು ಸಿಬ್ಬಂದಿಯೊಂದಿಗೆ ಬಂದರು. ಮೂರು ದಿನದ ಆ ದಾರಿಯನ್ನು ನಾವು ಐದು ದಿನ ನಡೆದೆವು. ಕೊನೆಯ ಏರಿನಲ್ಲಿ ಸಣ್ಣೀರಪ್ಪ ನನ್ನ ಭುಜ ಹಿಡಿದೇ ಹತ್ತಿದರು. ಅಳತೆ, ಫೋಟೋ ಎಲ್ಲ ಮುಗಿಸಿ ಆಕೆ ವಿವರ ಬರೆದುಕೊಳ್ಳುತ್ತ, "ಅಗೆದವರು ಯಾರು, ಗೊತ್ತಾ?" ಎಂದು ಕೇಳಿದರು.

"ಅವ್ರ ಹೆಸ್ರು ಗೊತ್ತಿಲ್ಲ. ದಾರಿ ತೋರ್ಸಿದೋನು ಸಣ್ಣೀರಪ್ಪ. ನಾನೇ. ಬರ್ಕಳ್ರಿ."

ಆಕೆಯ ಪೆನ್ನು ನಿಂತಿತು. ನನ್ನತ್ತ ನೋಡಿದರು. "ಆವಾಗ ನಿಮಗೆ ಗೊತ್ತಿರಲಿಲ್ಲವಲ್ಲ ಅಜ್ಜ. ಅದೆಲ್ಲ ಬೇಕಾ?"

"ಬೇಕವ್ವ."

ಆಕೆ ಬರೆದರು. ಓದು ಬಾರದ ಸಣ್ಣೀರಪ್ಪ ಹಾಳೆಯ ಮೇಲೆ ಬೆರಳಿಟ್ಟು, "ಇದೇನಾ ನನ್ ಹೆಸ್ರು?" ಎಂದು ಕೇಳಿದರು. ಆಕೆ ಅವರ ಬೆರಳನ್ನು ಸರಿಯಾದ ಸಾಲಿಗೆ ಸರಿಸಿದರು. ಆಮೇಲೆ ಅವರು ಎದ್ದು, ಚಪ್ಪಲಿ ಬಿಟ್ಟು, ಗುಡಿಯೊಳಗೆ ಹೋದರು. ನಾವು ಹೊರಗೇ ನಿಂತೆವು.

ಅದೇ ಕೊನೆಯ ಭೇಟಿ. ಎರಡು ತಿಂಗಳಿಗೆ ಅವರು ತೀರಿಕೊಂಡ ಸುದ್ದಿ ಬಂತು. ಹಟ್ಟಿಗೆ ಹೋದೆ. ಹೊರಡಲು ಎದ್ದಾಗ ಅವರ ಹೆಂಡತಿ ಕರಿಯಮ್ಮ ನನ್ನ ಕೈ ಹಿಡಿದು ಕೂರಿಸಿ, ಹೇಳಿದರು.

"ಮದ್ವೆಯಾದಾಗ್ಲಿಂದ ನೋಡಿವ್ನಿ ಕಣವ್ವ, ಕೋಳಿಗಿಂತ ಮೊದ್ಲೇ ಎದ್ದು ಕುಂತಿರೋನು. ಕಡೇ ಸಲ ನಿಮ್ ಜೊತೆ ಗುಡ್ಡ ಇಳ್ದು ಬಂದನಲ್ಲ, ಮಾರನೇ ದಿನ ಬಿಸಿಲು ಒಳಕ್ಕೆ ಬಂದ್ರೂ ಏಳ್ಲಿಲ್ಲ. ನಾನು ಹೆದರ್ಕಂಡು ಮೂಗಿನ ಹತ್ರ ಕೈ ಇಟ್ಟು ನೋಡ್ದೆ. ನಿದ್ದೆ ಮಾಡ್ತಿದ್ದ."