ಊದಿ ನೋಡುವ ಕೆಲಸ

ನಾನೂ ನನ್ನ ಗಂಡನೂ ಒಂದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೆವು. ಕೃಷ್ಣರಾಜಪುರ ದಾಟಿ, ಹಳೇ ಮದ್ರಾಸ್ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಉದ್ದನೆಯ ಶೆಡ್ಡು, ಅದರೊಳಗೆ ಗಾಳಿ ಸುರಂಗ. ವಿಮಾನದ ರೆಕ್ಕೆ, ಎತ್ತರದ ಕಟ್ಟಡ, ಸೇತುವೆ, ಇಂಥವುಗಳ ಪುಟ್ಟ ಮಾದರಿಗಳನ್ನು ಅಲ್ಲಿ ನಿಲ್ಲಿಸಿ, ದೊಡ್ಡ ಫ್ಯಾನು ಹಾಕಿ, ಗಾಳಿ ಎಲ್ಲೆಲ್ಲಿ ಎಷ್ಟು ಒತ್ತುತ್ತದೆ ಎಂದು ಅಳೆಯುತ್ತಿದ್ದೆವು. ನಮ್ಮತ್ತೆಗೆ ಇದು ಕೊನೆಯವರೆಗೂ ತಮಾಷೆಯ ವಿಷಯ. ಅವರದು ಅದೇ ಕಡೆಯ ಹಳ್ಳಿ, ಈಗ ಅವರ ಹೊಲದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. "ರಾಗಿ ತೂರೋವಾಗ ನಾವೂ ಗಾಳಿ ನೋಡ್ತಿದ್ವಿ ಕಣಮ್ಮ, ನಮಗ್ಯಾರೂ ಸಂಬಳ ಕೊಡ್ಲಿಲ್ಲ," ಎನ್ನುತ್ತಿದ್ದರು.

ಗಾಳಿ ಕಣ್ಣಿಗೆ ಕಾಣುವುದಿಲ್ಲ, ಅದರ ಒತ್ತಡವನ್ನು ಹಿಡಿಯಬೇಕು. ಬೀಸುವ ಗಾಳಿಗೆ ಎದುರಾಗಿ ಬಾಯಿ ತೆರೆದು ನಿಂತ ಸಣ್ಣ ಲೋಹದ ಕೊಳವೆಗೆ ಪಿಟೋ ಕೊಳವೆ ಎನ್ನುತ್ತಾರೆ. ಅದರ ಬಾಯಿಗೆ ಬಡಿಯುವ ಒತ್ತಡಕ್ಕೂ ಮಗ್ಗುಲಿನ ತೂತಿನಲ್ಲಿರುವ ಒತ್ತಡಕ್ಕೂ ಇರುವ ವ್ಯತ್ಯಾಸದಿಂದ ಗಾಳಿಯ ವೇಗ ತಿಳಿಯುತ್ತದೆ. ಮಾದರಿಯ ಮೈಮೇಲೂ ಸೂಜಿ ಚುಚ್ಚಿದಂಥ ತೂತುಗಳಿರುತ್ತವೆ. ಪ್ರತಿ ತೂತಿನ ಹಿಂದೆ ಒಂದು ತೆಳು ಪ್ಲಾಸ್ಟಿಕ್ ನಳಿಕೆ, ಎಲ್ಲವೂ ಹೋಗಿ ಒಂದು ಸೆನ್ಸರ್ ಪೆಟ್ಟಿಗೆ ಸೇರುತ್ತವೆ, ಅಲ್ಲಿಂದ ಲೆಕ್ಕ ನನ್ನ ಕಂಪ್ಯೂಟರಿಗೆ ಬರುತ್ತದೆ. ನಳಿಕೆಗಳು ಅದಲುಬದಲಾದರೆ ಇಡೀ ಪರೀಕ್ಷೆ ನೀರಲ್ಲಿ ಹೋಮ ಮಾಡಿದ ಹಾಗೆ.

ಅದಕ್ಕೇ ಫ್ಯಾನು ಹಾಕುವ ಮೊದಲು ಊದಿ ನೋಡುವ ಕ್ರಮ. ಎಷ್ಟು ಹೊಸ ಉಪಕರಣ ಬಂದರೂ ಈ ಕೆಲಸವನ್ನು ನಾವು ಬಾಯಲ್ಲೇ ಮಾಡುತ್ತೇವೆ. ಒಬ್ಬರು ಸುರಂಗದೊಳಗೆ ಹೋಗಿ, ಒಂದು ತುಂಡು ರಬ್ಬರ್ ನಳಿಕೆಯನ್ನು ತೂತಿಗೆ ಒತ್ತಿ ಹಿಡಿದು ಊದಬೇಕು. ಇನ್ನೊಬ್ಬರು ಹೊರಗಿನ ಕೋಣೆಯಲ್ಲಿ ಕೂತು, ಪರದೆಯ ಮೇಲೆ ಅದೇ ತೂತಿನ ಗೆರೆ ಏರಿತೇ ಎಂದು ನೋಡಿ ಮೈಕಿನಲ್ಲಿ ಹೇಳಬೇಕು. ನಮ್ಮಲ್ಲಿ ಊದುವವರು ಇವರು, ನೋಡುವವಳು ನಾನು. ನಡುವೆ ಗೋಡೆ ಇದ್ದುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಇವರು ಊದಿದರೆ ಗೆರೆ ಪರದೆಯ ನೆತ್ತಿಗೇ ಹೋಗುತ್ತಿತ್ತು. "ಮೆತ್ತಗೆ ಊದ್ರೀ, ಸೆನ್ಸರ್ ಹೋದ್ರೆ ನಿಮ್ಮಮ್ಮ ತಂದ್ಕೊಡ್ತಾರಾ?" ಎಂದು ನಾನು ಮೈಕಿನಲ್ಲೇ ರೇಗಿಸುತ್ತಿದ್ದೆ.

ಒಂದು ಕಟ್ಟಡದ ಮಾದರಿ ಬಂದಾಗ ಗೆರೆಗಳು ಗಿಡ್ಡವಾಗಿ ಬರತೊಡಗಿದವು.

"ಇನ್ನೊಂದ್ಸಲ ಊದಿ."

"ಊದಿದ್ನಲ್ಲ ಕಣೇ."

"ಜೋರಾಗಿ ಊದಿ."

"ಇನ್ನೆಷ್ಟು ಜೋರಾಗಿ ಊದ್ಲಿ?"

ನಮ್ಮ ಕೆಲಸದವರಿಗೆ ಅನುಮಾನ ಬಂದರೆ ಮೊದಲು ನಳಿಕೆಯ ಮೇಲೆ. ಎಲ್ಲೋ ಸೋರುತ್ತಿದೆ ಎಂದು ಇವರು ಹಳೆಯದನ್ನೆಲ್ಲ ಕಿತ್ತು ಹೊಸ ನಳಿಕೆ ಹಾಕಿದರು. ತೂತಿಗೆ ಬಣ್ಣ ಕಟ್ಟಿಕೊಂಡಿರಬೇಕು ಎಂದು ತಂತಿ ಹಾಕಿ ಕೆದಕಿದರು. ಬಣ್ಣ ಬಳಿದವನ ಜನ್ಮ ಜಾಲಾಡಿದರು. ನಾನು ಸೆನ್ಸರ್ ಪೆಟ್ಟಿಗೆಯನ್ನೇ ಬದಲಾಯಿಸಿದೆ. ಗಾಳಿ ಇಲ್ಲದಿದ್ದಾಗ ಎಲ್ಲವೂ ಸೊನ್ನೆ ತೋರಿಸಬೇಕು, ಹಾಗೇ ತೋರಿಸುತ್ತಿತ್ತು. ಆದರೂ ಊದಿದರೆ ಗೆರೆ ಅರ್ಧಕ್ಕೇ ನಿಲ್ಲುತ್ತಿತ್ತು. ಸಂಜೆ ಟಿನ್ ಫ್ಯಾಕ್ಟರಿ ಸರ್ಕಲ್ಲಿನ ಟ್ರಾಫಿಕ್ ಜಾಮಿನಲ್ಲಿ ಸ್ಕೂಟರ್ ಮೇಲೆ ಕೂತು ಅದೇ ವಿಷಯಕ್ಕೆ ಜಗಳ ಆಡುತ್ತಾ ಮನೆಗೆ ಬರುತ್ತಿದ್ದೆವು.

ಕೊನೆಗೆ ನನಗೆ ತಲೆ ಕೆಟ್ಟಿತು. "ನೀವು ಬಂದು ಸ್ಕ್ರೀನ್ ನೋಡಿ, ನಾನು ಊದ್ತೀನಿ," ಎಂದು ಒಳಗೆ ಹೋದೆ. ಮೊದಲ ತೂತಿಗೆ ಊದಿದೆ. ಮೈಕಿನಲ್ಲಿ ಸದ್ದಿಲ್ಲ. ಎರಡನೆಯದಕ್ಕೆ ಊದಿದೆ, ಆಗಲೂ ಇಲ್ಲ.

"ಏನ್ರೀ, ಬಂತೋ ಇಲ್ವೋ?"

"ಬಂತು," ಎಂದರು. "ಎಲ್ಲಾ ಸರಿಯಾಗೇ ಇದೆ. ಈಚೆ ಬಾ."

ಹೊರಗೆ ಬಂದು ನೋಡಿದರೆ ನಾನು ಊದಿದ ಗೆರೆಗಳು ಪರದೆಯ ತುಂಬ ನಿಂತಿದ್ದವು. ಇವರು ಅವನ್ನೇ ನೋಡುತ್ತಾ, "ಪಾಪ, ಪೇಂಟ್‌ನೋನಿಗೆ ಸುಮ್ನೆ ಬೈದೆ," ಎಂದರು. ಇಬ್ಬರಿಗೂ ಅರ್ಥವಾಗಿತ್ತು. ಅವತ್ತು ಸ್ಕೂಟರ್ ಮೇಲೆ ಜಗಳ ಆಗಲಿಲ್ಲ.

ಇಂದಿರಾನಗರದ ಒಂದು ಆಸ್ಪತ್ರೆಯಲ್ಲಿ ಇವರನ್ನು ಉಸಿರು ಅಳೆಯುವ ಯಂತ್ರದ ಮುಂದೆ ಕೂರಿಸಿದರು. ಅದೂ ನಮ್ಮ ಜಾತಿಯದೇ, ಎರಡು ಕಡೆಯ ಒತ್ತಡದ ವ್ಯತ್ಯಾಸ ನೋಡಿ ಗಾಳಿಯ ಲೆಕ್ಕ ಹೇಳುವಂಥದು. ಚಿಕ್ಕ ವಯಸ್ಸಿನ ಟೆಕ್ನಿಷಿಯನ್ "ಜೋರಾಗಿ ಊದಿ ಅಂಕಲ್, ಇನ್ನೂ, ಇನ್ನೂ," ಎಂದು ಹುರಿದುಂಬಿಸಿದಳು. ಬಂದ ಲೆಕ್ಕ ನೋಡಿ ಇವರು, "ಜೀರೋ ಚೆಕ್ ಮಾಡಿದ್ರಾಮ್ಮ?" ಎಂದು ಕೇಳಿದರು. ನಾನು ಅಲ್ಲಿಗೇ ಬಿಡಲಿಲ್ಲ. ಇದನ್ನು ಕ್ಯಾಲಿಬ್ರೇಟ್ ಮಾಡಿ ಎಷ್ಟು ದಿನ ಆಯ್ತು, ಫಿಲ್ಟರ್ ಒದ್ದೆಯಾಗಿದೆಯೇನೋ, ಟ್ಯೂಬು ಸೋರುತ್ತಿದೆಯೇನೋ ಎಂದು ಅವಳ ಜೀವ ತಿಂದೆ. ಆ ಹುಡುಗಿ ಯಂತ್ರವನ್ನು ಸೊನ್ನೆಗೆ ತಂದಳು. ಗಾಳಿ ತುಂಬುವ ದೊಡ್ಡ ಸಿರಿಂಜೊಂದನ್ನು ಜೋಡಿಸಿ, ತಳ್ಳಿ, ಲೆಕ್ಕ ಸರಿಯಾಗಿ ಬರುವುದನ್ನು ನಮಗೆ ತೋರಿಸಿದಳು. ಇವರು ಮತ್ತೆ ಊದಿದರು. ಮೊದಲಿನ ಲೆಕ್ಕವೇ ಬಂತು.

ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ ಎಂದರು ಡಾಕ್ಟರು. ಯಾಕೆ ಬರುತ್ತದೋ ಗೊತ್ತಿಲ್ಲ, ಬಂದ ಮೇಲೆ ವಾಪಸ್ ಹೋಗುವುದಿಲ್ಲ, ನೀವು ಮೊದಲೇ ತೋರಿಸಲು ಬಂದಿದ್ದರೂ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ ಎಂದರು. ಸಮಾಧಾನಕ್ಕೆಂದು ಹೇಳಿದ ಮಾತು ನನಗೆ ಉರಿ ಹತ್ತಿಸಿತು.

ಕಾಕ್ಸ್ ಟೌನಿನ ನಮ್ಮ ಮನೆಯ ಹಾಲಿನಲ್ಲಿ ಆಕ್ಸಿಜನ್ ಯಂತ್ರ ಗುಂಯ್ ಎನ್ನುತ್ತಿತ್ತು. ಅತ್ತೆ ನಮ್ಮ ಜೊತೆ ಇರಲು ಬಂದರು. ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ನೋಡುವ ಸಣ್ಣ ಕ್ಲಿಪ್ಪು ಸದಾ ನನ್ನ ಕೈಯಲ್ಲೇ. ಕಡಿಮೆ ತೋರಿಸಿದರೆ ನಾನು ಒಪ್ಪುತ್ತಿರಲಿಲ್ಲ. ಬೆರಳು ತಣ್ಣಗಿದೆ ಎಂದು ಉಜ್ಜುತ್ತಿದ್ದೆ, ಕೈ ಬದಲಾಯಿಸುತ್ತಿದ್ದೆ, ನನ್ನ ಬೆರಳಿಗೆ ಹಾಕಿ ಪರೀಕ್ಷಿಸುತ್ತಿದ್ದೆ. ಇವರು ಬೇಡ ಎನ್ನದೆ ಕೈ ಚಾಚುತ್ತಿದ್ದರು. "ನಿಂಗೆ ಬೇಕಾದ ನಂಬರ್ ಬರೋವರ್ಗೂ ನೋಡ್ತೀಯ ಅಲ್ವೇನೇ," ಎಂದು ಒಮ್ಮೆ ನಕ್ಕರು. ನಗುವುದಕ್ಕೂ ಉಸಿರು ಬೇಕಾಗಿತ್ತು, ಕೆಮ್ಮು ಬಂತು. ನನಗೆ ಈ ಮನುಷ್ಯ ಬೇಕಾಗಿತ್ತು. ಯಾವುದೋ ಒಂದು ಉಪಕರಣ ತಪ್ಪು ಹೇಳುತ್ತಿದೆ ಎಂದು ತೋರಿಸಿಬಿಟ್ಟರೆ ಇವರು ಉಳಿಯುತ್ತಾರೆ ಎಂದು ನಾನು ನಿಜವಾಗಿಯೂ ನಂಬಿದ್ದೆ.

ಒಂದು ಭಾನುವಾರ ಬೆಳಿಗ್ಗೆ, ಪಕ್ಕದ ಬೀದಿಯ ಚರ್ಚಿಗೆ ಜನ ಹೋಗುತ್ತಿದ್ದ ಹೊತ್ತಿನಲ್ಲಿ, ಮಲಗಿದ್ದವರ ಬೆರಳಿಗೆ ಕ್ಲಿಪ್ಪು ಹಾಕಿದೆ. ಅಂಕಿ ಬರಲಿಲ್ಲ, ಎರಡು ಅಡ್ಡಗೆರೆ ಬಂದವು. ಬೆರಳು ಬದಲಾಯಿಸಿದೆ, ಮತ್ತೆ ಅಡ್ಡಗೆರೆ. ಸೆಲ್ ಮುಗಿದಿರಬೇಕು ಎಂದುಕೊಂಡು ಡ್ರಾಯರ್ ತೆಗೆದು ಹೊಸ ಸೆಲ್ ಹಾಕಿದೆ. ಆಗಲೂ ಬರಲಿಲ್ಲ. ದರಿದ್ರದ್ದು ಎಂದು ಬೈದು ನನ್ನ ಬೆರಳಿಗೆ ಹಾಕಿಕೊಂಡೆ. ತಕ್ಷಣ ಅಂಕಿ ಬಂತು, ಪಕ್ಕದಲ್ಲಿ ನನ್ನ ನಾಡಿ ಕುಣಿಯುತ್ತಿತ್ತು. ಮತ್ತೆ ಇವರ ಬೆರಳಿಗೆ ಹಾಕಿದೆ.

ಕಾಫಿ ಹಿಡಿದುಕೊಂಡು ಬಂದ ಅತ್ತೆ ಬಾಗಿಲಲ್ಲೇ ನಿಂತರು. ಮಗನ ಮುಖ ನೋಡಿದರು. ಲೋಟವನ್ನು ನೆಲದ ಮೇಲಿಟ್ಟು ಬಂದು ನನ್ನ ಕೈ ಹಿಡಿದುಕೊಂಡು, "ಸಾಕು ಬಿಡಮ್ಮ," ಎಂದರು.

"ಒಂದ್ನಿಮಿಷ ಅತ್ತೆ," ಎಂದೆ ನಾನು, "ಈ ಕೈ ಇನ್ನೂ ನೋಡಿಲ್ಲ."